ಅರಬೈಲ್ ಘಾಟಿನ ಒಡಪು

ಮದುವೆಯಾಗಿ ಹದಿನಾರು ದಿನವಾಗಿತ್ತು. ಸಹನಾ ಒಂದು ಸಲವೂ ನನ್ನ ಹೆಸರು ಹೇಳಿರಲಿಲ್ಲ.

ಹೆಂಡತಿ ಗಂಡನ ಹೆಸರು ಕರೆಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಾದರೂ ಹೇಳಬೇಕಲ್ಲ! ಮನೆ ತುಂಬಿಸಿಕೊಳ್ಳುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, "ಗಂಡನ ಹೆಸರು ಹಚ್ಚಿ ಒಡಪು ಹೇಳು, ಆಮ್ಯಾಲ ಒಳಗ ಬಾ" ಎಂದು ಕಾಡಿದರು. ಇವಳು ತುಟಿ ಬಿಚ್ಚಲಿಲ್ಲ. "ರುದ್ರೇಶ, ಹುಡುಗಿ ಮನಸಿಗೆ ನೀ ಬಂದಿಲ್ಲ ಬಿಡಪಾ" ಎಂದು ಕಳಕಮ್ಮತ್ತೆ ನಕ್ಕಳು. ಅವಳಿಗೆ ಅದು ತಮಾಷೆ. ನನಗೆ ಮಾತ್ರ ನಿದ್ದೆ ಹಾರಿಹೋಯಿತು.

ಸಮುದ್ರ ನೋಡಿಲ್ಲ ಎಂದಳು ಸಹನಾ. ನಮ್ಮೂರು ತಳಕಲ್‌ನಿಂದ ಕರಾವಳಿಯ ಕಡೆ ಬೈಕ್ ಹೊರಟಿತು. ಯಲ್ಲಾಪುರ ದಾಟಿ ಅರಬೈಲ್ ಘಾಟಿನ ಎರಡನೇ ತಿರುವಿನಲ್ಲಿ ಒತ್ತಿದರೆ ಹಾರ್ನೇ ಇಲ್ಲ! ಮೆಕ್ಯಾನಿಕ್ ನೂರಸಾಬ ಮೊದಲೇ ಹೇಳಿದ್ದ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮ ಬಯಲುಸೀಮೆ ಕಡೆ ಎದುರು ಬರುವವನ ಮೀಸೆ ಮೈಲಿ ದೂರದಿಂದಲೇ ಕಾಣುತ್ತದೆ. ಇಲ್ಲಿ ತಿರುವಿನಾಚೆ ಏನಿದೆಯೋ ದೇವರೇ ಬಲ್ಲ.

"ಪೋಂ... ಪೋಂ..." ನಾನೇ ಕೂಗಿದೆ.

ಬೆನ್ನ ಹಿಂದೆ ಕಿಸಕ್ಕನೆ ನಗು. "ಕೋಣ ಒದರಿದಂಗ ಆತ್ರಿ."

"ಹಂಗಾರ ನೀನ ಒದರು."

ಮುಂದಿನ ತಿರುವು ಬಂತು. ಅವಳ ಕೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿಯಿತು.

"ಇಟಗಿ ಗುಡ್ಯಾಗ ಕಲ್ಲಿನ ಹೂವ ನೋಡ್ರಿ, ನಮ್ಮ ರುದ್ರೇಶರಾಯರು ಬರಾಕತ್ಯಾರ, ದಾರಿ ಬಿಡ್ರಿ!"

ಎದುರು ಬಂದ ಲಾರಿಯವನು ತಲೆ ಹೊರಗೆ ಹಾಕಿ, "ಬರ್ರಿ ರಾಯರ, ಬರ್ರಿ!" ಎಂದ. ನನ್ನ ಬೈಕ್ ಸ್ವಲ್ಪದರಲ್ಲೇ ಚರಂಡಿಯಿಂದ ತಪ್ಪಿಸಿಕೊಂಡಿತು. ಕನ್ನಡಿಯಲ್ಲಿ ನೋಡಿದೆ. ಅವಳೂ ನೋಡುತ್ತಿದ್ದಳು. ತಟ್ಟನೆ ನನ್ನ ಬೆನ್ನ ಹಿಂದೆ ಅಡಗಿದಳು.

ಆಮೇಲೆ ತಿರುವಿಗೊಂದು ಒಡಪು. ಒಂದರಲ್ಲಿ ನಾನು ಬದನೆಕಾಯಿ, ಇನ್ನೊಂದರಲ್ಲಿ ನನ್ನ ಗೊರಕೆ. ಘಾಟು ಮುಗಿಯುವುದೇ ಬೇಡ ಅನ್ನಿಸಿತು.

"ಇಷ್ಟೆಲ್ಲಾ ಬರ್ತಾವು. ಅವತ್ತ ಯಾಕ ಸುಮ್ನ ನಿಂತಿ?"

"ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ನಿರಿ. ಹೇಳೂದ್ರಾಗ ನೀವು ನನ್ನ ನೋಡಿ ನಕ್ರಿ. ಪೂರಾ ಮರತಹೋತು."

"ನಾನು ನಕ್ಕಿದ್ದಕ್ಕ?"

"ಹೂಂ. ಭಾಳ ಛಲೋ ನಕ್ರಿ."

ಹದಿನಾರು ದಿನದ ಅನುಮಾನದ ಹುಳ ಅಲ್ಲೇ ಸತ್ತಿತು. "ಈಗರ ನೆನಪೈತೇನು?" ಎಂದೆ. ಅವಳು ನನ್ನ ಭುಜ ಚಿವುಟಿದಳು.

ಘಾಟು ಇಳಿದು ರಸ್ತೆ ನೆಟ್ಟಗಾಯಿತು. ತಿರುವಿಲ್ಲ, ಒಂದು ಗಾಡಿಯೂ ಇಲ್ಲ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಜೋಳದ ತೆನಿಯೊಳಗ ಹಾಲಿನ ಕಾಳು, ರುದ್ರೇಶರಾಯರ ಜೋಡಿ ನನ್ನ ಬಾಳು."

ಬೈಕ್ ನಿಲ್ಲಿಸಿ ಹಿಂದೆ ತಿರುಗಿದೆ. ಅವಳ ಮುಖ ಕೆಂಪಾಗಿತ್ತು.

"ಎದುರಿಗೆ ಯಾರೂ ಇಲ್ಲಲ್ಲ!" ಎಂದೆ.

"ಇದು ದಾರಿ ಬಿಡಾಕ ಹೇಳಿದ್ದಲ್ರಿ."