ಜೇಸನ್‌ಗೊಂದು ಸನ್ನೆ

“ಜೇಸನ್‌ಗೆ ಸ್ವಂತ ಬುದ್ಧಿ ಇಲ್ಲ. ಕೊಟ್ಟಿದ್ದನ್ನ ಹೊತ್ಕೊಂಡು ಹೋಗೋದಷ್ಟೇ ಕೆಲಸ,” ಎಂದು ಮೇಷ್ಟ್ರು ಹೇಳಿದ್ದೇ ತಡ, ತರಗತಿಯೆಲ್ಲ ನಗತೊಡಗಿತು.

ಕಿವಿ ಕೇಳದವರ ಕಂಪ್ಯೂಟರ್ ತರಗತಿ ಅದು. ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ನಿಂತ ದುಭಾಷಿ ಕೈಸನ್ನೆಯಲ್ಲಿ ಹೇಳಬೇಕು. ಇಬ್ಬರಿಗೂ ಅಲ್ಲಿ ಮೊದಲ ದಿನ.

“ಏನ್ ಹೇಳಿದ್ರಿ ಮೇಡಂ ಅವರಿಗೆ?”

“ನಿಮ್ಮ ಗೆಳೆಯನ ಬಗ್ಗೆ ಪಾಠದಲ್ಲಿ ಹೀಗೆಲ್ಲ ಹೇಳ್ತೀರಾ ಅಂತ ನನಗೂ ಆಶ್ಚರ್ಯವಾಯ್ತು ಸರ್.”

“ಯಾವ ಗೆಳೆಯ?”

“ಜೇಸನ್.”

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. “ಅದು ಮನುಷ್ಯ ಅಲ್ಲ ಮೇಡಂ, ಕಂಪ್ಯೂಟರ್ ಪದ.” ಅವಳ ಕಿವಿ ಕೆಂಪಾಯಿತು. “ನಾಳೆಯಿಂದ ಪಾಠಕ್ಕೆ ಮೊದಲು ನನಗೆ ಹೇಳಿಕೊಡಿ. ನನಗೇ ಗೊತ್ತಿಲ್ಲದ್ದನ್ನ ಕೈಯಲ್ಲಿ ಹೇಗೆ ಹೇಳಲಿ?” ಎಂದಳು, ಹುಬ್ಬು ಗಂಟಿಕ್ಕಿ.

ಹಾಗೆ ಶುರುವಾಯಿತು. ಬೆಳಿಗ್ಗೆ ಖಾಲಿ ತರಗತಿ, ಎರಡು ಲೋಟ ಚಹಾ. ಅವನು ಬೋರ್ಡಿನ ಮುಂದೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಿದ್ದ. ಅವಳೆದುರು ಒಂದೆಡೆ ನಿಲ್ಲಲು ಅವನಿಂದ ಆಗುತ್ತಿರಲಿಲ್ಲ.

“ಜೇಸನ್, ಜಾವಾಸ್ಕ್ರಿಪ್ಟ್ ಎರಡಕ್ಕೂ ಅದೇ ಮೀಸೆ ಥರದ ಬ್ರಾಕೆಟ್ಟು. ವ್ಯತ್ಯಾಸ ಎಲ್ಲಿ?” ಎಂದು ಕೇಳುವಳು.

“ಜಾವಾಸ್ಕ್ರಿಪ್ಟ್ ಕಂಪ್ಯೂಟರಿಗೆ ಕೆಲಸ ಹೇಳೋ ಭಾಷೆ. ಕೂಡಿಸುತ್ತೆ, ಕಳೆಯುತ್ತೆ, ಬಟನ್ ಒತ್ತಿದ್ರೆ ಓಗೊಡುತ್ತೆ. ಇವತ್ತು ಸಂಖ್ಯೆ ಇಟ್ಟ ಡಬ್ಬಿಯಲ್ಲಿ ನಾಳೆ ಪದ ಇಟ್ರೂ ಬೇಡ ಅನ್ನಲ್ಲ. ಜೇಸನ್ ಬರೀ ಮಾಹಿತಿ ಬರೆಯೋ ರೀತಿ. ಹೆಸರು, ಬೆಲೆ, ಬಣ್ಣ. ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಹೋಗುತ್ತೆ. ಒಂದು ಕಾಮಾ ಹೆಚ್ಚಾದ್ರೂ ಸಿಟ್ಟು.”

“ಸಂಬಂಧ?”

“ತವರುಮನೆ ಜಾವಾಸ್ಕ್ರಿಪ್ಟೇ. ಆದ್ರೆ ಈಗ ಎಲ್ಲ ಭಾಷೆಗಳ ಮನೇಲೂ ಹೊಂದಿಕೊಂಡು ಬಾಳುತ್ತೆ.”

ಅವಳು ಚಹಾ ಲೋಟದ ಅಂಚಿನಿಂದ ಅವನನ್ನೇ ನೋಡಿ ನಕ್ಕಳು. ಅವನು ಮುಂದೇನು ಹೇಳಬೇಕೆಂಬುದನ್ನೇ ಮರೆತ.

ಆ ಎರಡು ಪದಗಳಿಗೆ ಸನ್ನೆಯಿರಲಿಲ್ಲ. ನೀವೇ ಒಂದು ಮಾಡಿಬಿಡಿ ಎಂದ. “ಅದು ಅವರ ಭಾಷೆ ಸರ್. ಅವರೇ ಮಾಡ್ಬೇಕು,” ಎಂದಳು ಅವಳು. ಮಾಡಿದ್ದು ಮುಂದಿನ ಬೆಂಚಿನ ಟೈಲರ್ ಅಕ್ಕ. ವರ್ಷಗಟ್ಟಲೆ ಬಟ್ಟೆ ಹೊಲಿದು, ಈಗ ಹೊಸ ಕೆಲಸ ಕಲಿಯಲು ಬಂದವಳು. ಅಳತೆ ಚೀಟಿ ಮಡಚಿ ಕೈಗೆ ಕೊಟ್ಟಂತೆ ಮಾಡಿದರೆ ಜೇಸನ್, ಮಿಷನ್ ಓಡಿಸಿದಂತೆ ಬೆರಳಾಡಿಸಿದರೆ ಜಾವಾಸ್ಕ್ರಿಪ್ಟ್. ಚೀಟಿ ತಾನಾಗಿ ಹೊಲಿಯುವುದಿಲ್ಲ, ಆದರೆ ಯಾವ ಟೈಲರ್ ಕೈಗೆ ಕೊಟ್ಟರೂ ಓದಬಹುದು. ತರಗತಿ ಒಪ್ಪಿತು.

ಪಾಠಗಳು ಮುಗಿಯುತ್ತ ಬಂದಾಗ ಅವಳು ಸುದ್ದಿ ಹೇಳಿದಳು. ಅಪ್ಪನಿರುವ ಊರಿನ ಆಸ್ಪತ್ರೆಯಲ್ಲಿ ಕಾಯಂ ಕೆಲಸ ಸಿಕ್ಕಿದೆ. ಈ ವಾರವೇ ಕೊನೆ.

“ಒಳ್ಳೇದಾಯ್ತು,” ಎಂದ ಅವನು. ಅವಳು ಇನ್ನೂ ಏನೋ ಬರಬಹುದೆಂಬಂತೆ ಒಂದು ಗಳಿಗೆ ಕಾದು, ಲೋಟ ತೊಳೆಯಲು ಎದ್ದು ಹೋದಳು. ಆಮೇಲೆ ಅವನಿಗೆ ಊಟ ರುಚಿಸಲಿಲ್ಲ. ಬಸ್ಸಿನಲ್ಲಿ ಎರಡು ನಿಲ್ದಾಣ ಮುಂಚೆಯೇ ಇಳಿದು ನಡೆದ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿ, ಬೆಳಿಗ್ಗೆ ಅವಳ ಮುಖ ಕಂಡೊಡನೆ ಕಳೆದುಕೊಳ್ಳುತ್ತಿದ್ದ.

ಕೊನೆಯ ತರಗತಿ. ಪ್ರಶ್ನೆಗಳಿವೆಯೇ ಎಂದು ಕೇಳಿದ. ಟೈಲರ್ ಅಕ್ಕ ಕೈ ಎತ್ತಿ ಏನೋ ಕೇಳಿದಳು. ದುಭಾಷಿ ಬೋರ್ಡಿನ ಕಡೆ ತಿರುಗಿಬಿಟ್ಟಳು.

“ಏನ್ ಕೇಳಿದ್ರು ಮೇಡಂ?”

ದುಭಾಷಿ ಯಾವ ಮಾತನ್ನೂ ನುಂಗುವ ಹಾಗಿಲ್ಲ. ನೆಲ ನೋಡುತ್ತ ಹೇಳಿದಳು: “‘ನಾಳೆಯಿಂದ ಇವಳು ಬರಲ್ಲ. ಏನೂ ಹೇಳದೆ ಕಳಿಸಿಬಿಡ್ತೀರಾ ಸರ್?’”

ಕಣ್ಣುಗಳೆಲ್ಲ ಅವನ ಮೇಲಿದ್ದವು.

“ನನಗೆ ಅವರು ಇಷ್ಟ,” ಎಂದ. “ಇದನ್ನೂ ಹೇಳಿ ಮೇಡಂ.”

ದುಭಾಷಿ ಆಡುವುದು ಮೇಷ್ಟ್ರೇ ಆಗಿ. ಮೇಷ್ಟ್ರು ‘ನಾನು’ ಎಂದರೆ ಅವಳು ಮುಟ್ಟುವುದು ತನ್ನ ಎದೆಯನ್ನೇ. ಈಗಲೂ ಮುಟ್ಟಿದಳು. ‘ಅವರು’ ಎನ್ನಲು ಯಾರನ್ನು ತೋರಿಸುವುದು? ಬೆರಳು ಗಾಳಿಯಲ್ಲೇ ನಿಂತಿತು. ಮೆಲ್ಲನೆ ಹೊರಳಿ, ಅವನ ಕಡೆ ತಿರುಗಿತು.

ತರಗತಿಯ ಕೈಗಳೆಲ್ಲ ಮೇಲೆದ್ದು ಗಾಳಿಯಲ್ಲಿ ಅಲುಗಾಡಿದವು. ಅದು ಅವರ ಚಪ್ಪಾಳೆ.

“ತಪ್ಪು ಹೇಳಿದ್ರಾ?” ಎಂದ ಅವನು.

“ಇಲ್ಲ. ಮಾತು ಅದೇ. ಆಡಿದೋಳು ನಾನು.”

“ಹಾಗಾದ್ರೆ ಹೋಗಲ್ವಾ?”

“ಹೋಗ್ತೀನಿ, ಒಪ್ಕೊಂಡಾಗಿದೆ. ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನಕ್ಕೆ ಬರ್ತೀರ. ಭಾನುವಾರ ಬನ್ನಿ, ಅಪ್ಪನ್ನ ನೋಡಿ.” ಮತ್ತೆ ಸೇರಿಸಿದಳು: “ಅಪ್ಪನಿಗೂ ಕಿವಿ ಕೇಳಲ್ಲ. ನಿಮ್ಮಿಬ್ಬರ ಮಧ್ಯೆ ನಾನು ದುಭಾಷಿ ಕೆಲಸ ಮಾಡಲ್ಲ. ಮಗಳನ್ನ ಕೇಳೋದಾದ್ರೆ ನೀವೇ ಕೇಳ್ಬೇಕು.”

ಭಾನುವಾರಕ್ಕೆ ಹೆಚ್ಚು ದಿನವಿರಲಿಲ್ಲ. ಅವನು ಟೈಲರ್ ಅಕ್ಕನ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತು, ಸನ್ನೆ ಕಲಿಸಿ ಎಂಬಂತೆ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ.