ಹೊಸ್ತಿಲಿಂದ ಹಿಂದಿರುಗಿದ ಉಡಿಯಕ್ಕಿ

ಕುರುಗೋಡಿನಿಂದ ಬಂದಿದ್ದ ಪಾಸ್ಟರ್ ಯೇಸುವಿನ ದೇಹದ ಗುರುತಾದ ಕರ್ತನ ಭೋಜನದ ರೊಟ್ಟಿ ಮುರಿದು ಕೈಯಲ್ಲಿ ಹಿಡಿದಿದ್ದರು. ಮಂಚದ ಮೇಲಿದ್ದ ಜೀವರತ್ನಮ್ಮ ಬಾಯಿ ತೆರೆಯಲೇ ಇಲ್ಲ. ಡಾಕ್ಟರು ಕೈಚೆಲ್ಲಿದ ಮೇಲೆ ತಾವೇ ಕೇಳಿ ತರಿಸಿಕೊಂಡ ಭೋಜನವದು.

“ಬಾಯಿ ತೆರೀರಿ ಅತ್ತಿ,” ಎಂದಳು ಸೊಸೆ ಕಾವೇರಿ, ದಿಂಬು ಎತ್ತರಿಸುತ್ತ.

“ಮೊದ್ಲು ನೀ ಮನ್ನಿಸು.”

“ಮುಂಜಾನೆ ಮನ್ನಿಸೀನಲ್ಲ?”

ಹೌದು, ಮನ್ನಿಸಿದ್ದಳು. ಕೌಲ್ ಬಜಾರಿನ ಆ ಮನೆಯ ಪದ್ಧತಿಯೇ ಅದು. ಚರ್ಚಿನಲ್ಲಿ ಕರ್ತನ ಭೋಜನವಿರುವ ಭಾನುವಾರ ಒಬ್ಬರನ್ನೊಬ್ಬರು ‘ತಪ್ಪಿದ್ರ ಮನ್ನಿಸು’ ಎಂದು ಕೇಳದೆ ಯಾರೂ ಕಾಫಿ ಮುಟ್ಟುತ್ತಿರಲಿಲ್ಲ. ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಿ, ಸೊಸೆಯಾಗಿ ಬಂದಂದಿನಿಂದ ಕಾವೇರಿಯೂ ಕೇಳಿದ್ದಳು, ಮನ್ನಿಸಿದೆ ಎಂದಿದ್ದಳು. ಯಾವ ತಪ್ಪು ಎಂದು ಮಾತ್ರ ಅತ್ತೆ ಬಾಯಿಬಿಟ್ಟಿರಲಿಲ್ಲ, ಸೊಸೆ ಕೆದಕಿರಲಿಲ್ಲ. ಕಾಫಿ ಆರೀತೆಂಬ ಅವಸರ ಇಬ್ಬರಿಗೂ.

“ನಿಮ್ಮಪ್ಪನ್ನ ನಾ ಹೊಸ್ತಿಲದಾಗಿಂದ ಕಳಿಸಿದ್ನಲ್ಲ…” ಮುದುಕಿ ಸೊಸೆಯ ಸೆರಗು ಹಿಡಿದರು. “ಅದನ್ನ ಮನ್ನಿಸೀಯೇನು?”

ಸಿರುಗುಪ್ಪದ ಬಸ್ಸಿಳಿದು ಬಂದ ಅಪ್ಪ ಭೀಮರಾಜ ಕಾವೇರಿಯ ಕಣ್ಣಿಗೆ ಕಟ್ಟಿದ. ಕಾಲುವೆ ನೀರಿನ ಗದ್ದೆಗಳು, ಸುಗ್ಗಿಯಲ್ಲಿ ಅವನ ಅಂಗಿಯಿಂದ ಬರುತ್ತಿದ್ದ ಹೊಸ ಹುಲ್ಲಿನ ವಾಸನೆ, ಆ ಅಂಗಿಗೆ ಮುಖ ಹುದುಗಿಸಿ ನಿದ್ದೆಹೋಗುತ್ತಿದ್ದ ಸಂಜೆಗಳು… ಬಸುರಿ ಮಗಳ ಉಡಿ ತುಂಬಲೆಂದು ಅವನು ಹೊಸ ಅಕ್ಕಿ, ಅರಿಷಿಣದ ಕೊಂಬು, ಹಸಿರು ಕುಪ್ಪಸದ ಬಟ್ಟೆ ಗಂಟು ಕಟ್ಟಿ ತಂದಿದ್ದ. ಕರ್ತನ ಮನೆಯೊಳಗೆ ಅರಿಷಿಣ ಕುಂಕುಮ ಬರಕೂಡದೆಂದು ಜೀವರತ್ನಮ್ಮ ಬಾಗಿಲಿಗೆ ಅಡ್ಡ ನಿಂತರು. ಒಂದು ಲೋಟ ನೀರನ್ನೂ ಕೊಡಲಿಲ್ಲ. ಗಂಟು ಹೆಗಲಿಗೇರಿಸಿ ಹೋದ ಅಪ್ಪ ಆ ಚಳಿಗಾಲದಲ್ಲೇ ತೀರಿಕೊಂಡ.

“ಇಲ್ಲರಿ ಅತ್ತಿ, ಮನ್ನಿಸಿಲ್ಲ,” ಎಂದಳು ಕಾವೇರಿ. “ಬಿಸಿ ಅನ್ನ ಹಾಕೀನಿ, ಮೈ ತೊಳದೀನಿ. ಓಣಿಯೆಲ್ಲ ಬಂಗಾರದಂಥ ಸೊಸಿ ಅಂತು. ಆದ್ರ ಮಾಡಿದ್ದು ಪ್ರೀತಿಗಲ್ಲ. ನಮ್ಮಪ್ಪಗ ನೀರು ಕೊಡದ ನೀವು ನನ್ನ ಕೈಯಾಗ ಉಣ್ಣಾಗ ತುತ್ತು ತುತ್ತೂ ಸುಡ್ಲಿ ಅಂತ. ನನ್ನ ಪಾಪ ನಿಮ್ಮದಕ್ಕಿಂತ ಸಣ್ಣದಲ್ಲ.”

“ಗೊತ್ತಿತ್ತವ್ವ. ಸುಡ್ತಿತ್ತು. ಆದ್ರೂ ಉಂಡೆ… ಬ್ಯಾರೆ ಯಾರ ಕೈ ಇತ್ತು ನನಗ?”

ಕಾವೇರಿ ಮಂಚದ ಪಕ್ಕ ನೆಲದ ಮೇಲೆ ಕೂತಳು. ಸಭೆಯಲ್ಲಿ ಇಷ್ಟು ವರ್ಷ ಬಾಯಿಪಾಠವಾಗಿ ಒಪ್ಪಿಸಿದ ಪಾಪದ ಅರಿಕೆ ಇಂದು ತನ್ನನ್ನೇ ಹೆಸರು ಹಿಡಿದು ಕರೆದಂತಾಯಿತು. ಮನ್ನಿಸಬೇಕೆಂದು ಒಳಗೆಲ್ಲ ತಡಕಾಡಿದಳು. ಏನೂ ಸಿಗಲಿಲ್ಲ.

“ನನ್ನ ಹತ್ರ ಇಲ್ಲ ಅಯ್ಯನವ್ರೇ. ಎಲ್ಲಿಂದ ತರ್ಲಿ?”

“ನಮ್ಮ ಹತ್ರಾನ ಇದ್ದಿದ್ರ ಯೇಸುಸ್ವಾಮಿ ಯಾಕ ಬರಬೇಕಿತ್ತಮ್ಮ?” ಎಂದ ಪಾಸ್ಟರ್ ಆ ತುಂಡನ್ನೇ ಎರಡು ಮಾಡಿ ಇಬ್ಬರಿಗೂ ಕೊಟ್ಟರು. ಜೀವರತ್ನಮ್ಮ ಬಾಯಿ ತೆರೆದರು. ಕಾವೇರಿ ಅಳುತ್ತಲೇ ನುಂಗಿದಳು.

ಪಾಸ್ಟರ್ ಹೊರಟುಹೋದ ಮೇಲೂ ಕಾವೇರಿ ಮಂಚ ಬಿಟ್ಟು ಏಳಲಿಲ್ಲ. ಮುದುಕಿ ಮೆಲ್ಲಗೆ ಕೇಳಿದರು:

“ಅವತ್ತು ಒಳಗ ಕರದಿದ್ರ… ನಿಮ್ಮಪ್ಪಗ ಉಣ್ಣಾಕ ಏನು ಇಷ್ಟ ಇತ್ತವ್ವ?”

ಕಾವೇರಿ ಅತ್ತೆಯ ಕೈಯನ್ನು ಮಡಿಲಿಗೆಳೆದುಕೊಂಡು ಹೇಳತೊಡಗಿದಳು.