ಮೊಣಕಾಲಿಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ

೧೯೭೪ರ ಏಪ್ರಿಲ್ ೯, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ವಿದ್ಯುತ್ ಕಚೇರಿಯ ಅಧಿಕಾರಿ ಪಂಢರಿನಾಥರು ನವಲಗುಂದ ಠಾಣೆಗೆ ಬಂದು ಫಿರ್ಯಾದಿ ಕೊಟ್ಟರು. ಪೇಟೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಅದನ್ನು ತಂಪಾಗಿಡುವ ಒಳಗಿನ ಎಣ್ಣೆಯನ್ನು ಯಾರೋ ಕದ್ದಿದ್ದರು. ಹಿಟ್ಟಿನ ಗಿರಣಿ ನಿಂತು ಊರಿಗೆ ಊರೇ ಗೊಣಗುತ್ತಿತ್ತು. ಪಿ.ಎಸ್.ಐ. ಗುಡದಪ್ಪನವರು ಎಫ್.ಐ.ಆರ್. ದಾಖಲಿಸಿ, ಈ ಯಂತ್ರದ ಮರ್ಮ ತಿಳಿಸಿಕೊಡಲು ಒಬ್ಬರು ಬೇಕೆಂದರು. ಪಂಢರಿನಾಥರು ತಮ್ಮ ಅಪ್ರೆಂಟಿಸ್ ಏಕನಾಥನನ್ನು ಬಿಟ್ಟು ಹುಬ್ಬಳ್ಳಿ ಬಸ್ಸು ಹಿಡಿದರು. ಎಣ್ಣೆ ತೆಗೆದವನು ಅವನೇ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಏಕನಾಥ ಕಲಘಟಗಿಯವನು. ಡಿಪ್ಲೊಮಾ ಮುಗಿಸಿ ವರ್ಷದ ತರಬೇತಿಗೆ ಬಂದಿದ್ದ. ತಿಂಗಳ ಕೊನೆಗೆ ಪ್ರಮಾಣಪತ್ರ ಸಿಗಬೇಕಿತ್ತು. ಸಿಕ್ಕರೆ ನೌಕರಿ, ತಪ್ಪಿದರೆ ಓದಿದ್ದೆಲ್ಲ ನೀರುಪಾಲು. ಪಂಚನಾಮೆಗೆ ಟ್ರಾನ್ಸ್‌ಫಾರ್ಮರ್ ಕಡೆ ನಡೆಯುವಾಗ ಅವನು ಎಲ್ಲರಿಗಿಂತ ಹಿಂದೆ ಉಳಿದ.

"ಒಂದ ದಿನದಾಗ ತಗದಾರೇನು?" ಗುಡದಪ್ಪ ಕೇಳಿದರು.

"ಇಲ್ರಿ. ದಿನಾ ಸ್ವಲ್ಪ ಸ್ವಲ್ಪ."

ಎಣ್ಣೆ ಇಳಿಸುವ ನಲ್ಲಿಯ ಬಿರಡೆಗೆ ಒಂದು ಗೀರೂ ಬಿದ್ದಿರಲಿಲ್ಲ, ಕೆಳಗೆ ಒಂದು ಹನಿಯೂ ಚೆಲ್ಲಿರಲಿಲ್ಲ. ಕಳ್ಳ ಭಾಳ ಶಿಸ್ತಿನ ಮನುಷ್ಯ ಎಂದು ಗುಡದಪ್ಪ ನಕ್ಕರು.

ಅಷ್ಟರಲ್ಲಿ ಪೇದೆ ಹಸನಸಾಬ ಬಿರಡೆ ಮುಟ್ಟಿ ಬೆರಳು ಮೂಸಿದ. "ಸಾಹೇಬ್ರ, ಈ ವಾಸನಿ ನಮ್ಮ ಅವ್ವನ ಮೊಣಕಾಲಿಗೆ ಐತ್ರಿ."

ಹಸನಸಾಬನ ತಾಯಿ ಮೀರಾಬಿ ಏನನ್ನೂ ಮುಚ್ಚಿಡಲಿಲ್ಲ. ವಾತದ ಎಣ್ಣೆ, ಗೆಳತಿ ರೇಣುಕವ್ವ ಕೊಟ್ಟಳು ಎಂದಳು. ಓಣಿಯಲ್ಲಿ ಇನ್ನೂ ಎಂಟು ಮನೆಗಳಲ್ಲಿ ಅದೇ ಬಾಟಲಿಗಳು ಸಿಕ್ಕವು. ರೇಣುಕವ್ವನ ಮನೆಗೆ ಕೀಲಿ ಹಾಕಿತ್ತು. ಹಿಂದಿನ ಖೋಲಿಯಲ್ಲಿ ಬಾಡಿಗೆಗಿರುವವನು ಯಾರೆಂದು ಗುಡದಪ್ಪ ಕೇಳಿದಾಗ ಏಕನಾಥ, "ನಾನರಿ," ಎಂದ. ಅವನನ್ನು ಠಾಣೆಗೆ ಕರೆತಂದು ಕೂಡಿಸಿದರು.

ಮಧ್ಯಾಹ್ನ ನಾಲ್ಕಕ್ಕೆ ರೇಣುಕವ್ವ ಬಂದಳು. ಠಾಣೆಯ ಮೆಟ್ಟಿಲುಗಳು ಎತ್ತರವಾಗಿದ್ದವು. ಅವಳು ಗೋಡೆ ಹಿಡಿಯದೆ ಹತ್ತಿ ಬಂದು ಮೇಜಿನ ಮುಂದೆ ನಿಂತಳು.

"ನೋಡ್ರಿ, ಎರಡು ವರ್ಷ ಕುಂತಲ್ಲೇ ಕುಂತಿದ್ದೆ. ಈ ಹುಡುಗ ತಂದುಕೊಟ್ಟ ಎಣ್ಣಿಯಿಂದ ನಡಿಯಾಕತ್ತೇನಿ. ಇಂಥಾಂವನ್ನ ಯಾಕ ಹಿಡದೀರಿ?"

ಗುಡದಪ್ಪ ಪೆನ್ನು ಕೆಳಗಿಟ್ಟರು. ಪಾಪ, ಬಿಡಿಸಲು ಬಂದವಳೇ ಸಾಕ್ಷಿ ಹೇಳಿಬಿಟ್ಟಿದ್ದಳು.

"ಎಷ್ಟು ರೊಕ್ಕ ತಗೊಂಡಿ?" ಎಂದು ಅವರು ಏಕನಾಥನನ್ನು ಕೇಳಿದರು.

"ಇಲ್ರಿ."

"ಮತ್ಯಾಕ?"

"ಓಣ್ಯಾಗ ಎಲ್ಲಾರೂ ನನ್ನ ಡಾಕ್ಟರಪ್ಪ ಅಂತಿದ್ರರಿ."

ಉಳಿದದ್ದನ್ನು ಅವನು ನಿಧಾನವಾಗಿ ಹೇಳಿದ. ಕಚೇರಿಯಲ್ಲಿ ಅವನನ್ನು ಚಹಾ ತರಲು ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಕರೆಯುತ್ತಿರಲಿಲ್ಲ. ಪರೀಕ್ಷೆಗೆಂದು ತೆಗೆದ ಎಣ್ಣೆಯಲ್ಲಿ ಮಿಕ್ಕಿದ್ದನ್ನು, ವಾತಕ್ಕೆ ಒಳ್ಳೆಯದೆಂಬ ಲೈನ್‌ಮನ್‌ಗಳ ಮಾತು ಕೇಳಿ ರೇಣುಕವ್ವನಿಗೆ ಕೊಟ್ಟಿದ್ದ. ಎಣ್ಣೆಯಿಂದಲೋ, ಹೇಗಿದ್ದೀರಿ ಎಂದು ಕೇಳುವವನೊಬ್ಬ ಸಿಕ್ಕಿದ್ದರಿಂದಲೋ, ನೋವು ಇಳಿಯಿತು. ಆಮೇಲೆ ಓಣಿಯೆಲ್ಲ ಬಾಗಿಲಿಗೆ ಬಂತು. ಎಣ್ಣೆ ಇಳಿದರೆ ಟ್ರಾನ್ಸ್‌ಫಾರ್ಮರ್ ಕಾದು ಸುಡುತ್ತದೆಂದು ಅವನು ಓದಿದ್ದ. ದಿನವೂ ಹೆದರುತ್ತಿದ್ದ. ಕಚೇರಿಗೆ ಎಣ್ಣೆಯ ಹೊಸ ಪೀಪಾಯಿ ಬಂದೊಡನೆ ತುಂಬಿಸಿಬಿಡುವೆನೆಂದು ಕಾದ. ಅದು ಬರಲೇ ಇಲ್ಲ. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ.

ಐದಕ್ಕೆ ದಸ್ತಗಿರಿಯಾಯಿತು. ರೇಣುಕವ್ವನಿಗೆ ಕಾಯ್ದೆ ಕಾನೂನು ತಿಳಿಯಲಿಲ್ಲ. ಹುಡುಗ ಉಂಡಿಲ್ಲ ಎಂಬುದಷ್ಟೇ ತಿಳಿಯಿತು.

"ಗಿರಣಿ ಬಂದ್ ಐತೆಪ್ಪಾ. ತಡಿ, ಬೀಸುಕಲ್ಲಿಗೆ ಕುಂತು ಒಂದಿಷ್ಟು ಜ್ವಾಳಾ ಬೀಸಿ, ರೊಟ್ಟಿ ತರ್ತೇನಿ," ಎಂದು ಮೆಟ್ಟಿಲಿಳಿದು ಹೋದಳು.

ಏಕನಾಥ ಅವಳ ಮೊಣಕಾಲುಗಳನ್ನೇ ನೋಡುತ್ತ ನಿಂತ.